44ರಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿ, ವಿಷಯ ಘಟ್ಟದ ಹಳೇ ದಾರಿಗಳು. ಮಾಡ್ಲಾ, ಬಿಡ್ಲಾ?

ದೇವಿಮನೆ ಅಕ್ಕೋರು:
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಯಸ್ಸು 44. ಭೂಗೋಳದಲ್ಲಿ ಎಂ.ಎ. ಮಾಡಿ 20 ವರ್ಷ ಆಯ್ತು. ಮಗ ಹಾಸ್ಟೆಲ್ ಸೇರಿದ ಮೇಲೆ ಸಂಜೆ ಮನೆ ಬಿಕೋ ಅನ್ನುತ್ತದೆ. ತಲೆಯಲ್ಲಿ ಒಂದು ಹುಳ ಹೊಕ್ಕಿದೆ, ಪಿಎಚ್‌ಡಿ ಮಾಡಬೇಕು ಅಂತ.

ಹುಳ ಹೊಕ್ಕಿದ್ದು ಹೀಗೆ. ನಮ್ಮ ಮುತ್ತಜ್ಜ ಎತ್ತಿನ ಬೆನ್ನ ಮೇಲೆ ಅಡಿಕೆ, ಕಾಳುಮೆಣಸು ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದನಂತೆ. ಬರುವಾಗ ಉಪ್ಪು. ಈಗಿನ ಡಾಂಬರು ರಸ್ತೆಯಲ್ಲಿ ಅಲ್ಲ, ಕಾಡಿನ ಒಳಗಿನ ದಾರಿಯಲ್ಲಿ. ಕಳೆದ ಏಪ್ರಿಲ್‌ನಲ್ಲಿ ಅದನ್ನು ಹುಡುಕಿಕೊಂಡು ಹೋದೆ. ಒಂದು ಕಡೆ ಎರಡು ಕಂಬಗಲ್ಲು, ಅದರ ಮೇಲೊಂದು ಹಾಸುಗಲ್ಲು ಕಂಡಿತು. ನನ್ನ ಹೆಗಲಿಗಿಂತ ಸ್ವಲ್ಪ ಎತ್ತರ. ಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಕಲ್ಲು. ಹಾಸುಗಲ್ಲಿನ ಒಂದು ಅಂಚು ಕೈಯಿಟ್ಟರೆ ಜಾರುವಷ್ಟು ನುಣ್ಣಗೆ ಸವೆದಿತ್ತು. ಇನ್ನೊಂದು ಅಂಚು ಒರಟು. ಅವತ್ತಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ.

ಅಂದುಕೊಂಡ ವಿಷಯ: 'ಉತ್ತರ ಕನ್ನಡದ ಘಟ್ಟದ ದಾರಿಗಳು ಮತ್ತು ಬಂದರುಗಳು, 1500ರಿಂದ 1950'. ಈ ವಯಸ್ಸಲ್ಲಿ ಸೀಟು ಕೊಡ್ತಾರಾ? ಕೆಲಸ ಬಿಡದೆ ಆಗುತ್ತಾ? ಹಳೇ ದಾಖಲೆ ಎಲ್ಲಿ ಸಿಗುತ್ತೆ? ಅನುಭವ ಇದ್ದವರು ಹೇಳಿ.

ಬೈತಖೋಲ್ ಬಾಬು:
ಮಾಡಿ ಅಕ್ಕೋರೆ. 44 ಒಂದು ವಯಸ್ಸಾ? ನಮ್ಮ ಬಂದರಿನಲ್ಲಿ 70 ದಾಟಿದವರು ಕನ್ನಡಕ ಹಾಕದೆ ಬಲೆ ಹೊಲಿಯುತ್ತಾರೆ.

ಅಡಿಕೆ ಚಪ್ಪರ:
450 ವರ್ಷ, ಇಡೀ ಜಿಲ್ಲೆ! ಒಂದು ಪಿಎಚ್‌ಡಿ ಅಲ್ಲ ಇದು, ಹತ್ತು ಜನರ ಜೀವಮಾನ 😀

ಧಾರವಾಡ ಫೇಡೆ:
ವಯಸ್ಸಿನ ಮಿತಿ ಇಲ್ಲ ಮೇಡಂ, ಅದನ್ನು ತಲೆಯಿಂದ ತೆಗೆದುಹಾಕಿ. ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿಗೆ ಸ್ಪಷ್ಟವಾಗಿ ಅವಕಾಶ ಇದೆ. ಎಂ.ಎ.ಯಲ್ಲಿ 55% ಬೇಕು, ಮೀಸಲಾತಿ ಇದ್ದವರಿಗೆ 5% ರಿಯಾಯ್ತಿ. ಕನಿಷ್ಠ 3 ವರ್ಷ, ಗರಿಷ್ಠ 6. ಬೇಡಿಕೊಂಡರೆ ಇನ್ನೂ 2 ವರ್ಷ ಕೊಡಬಹುದು. ಹೆಂಗಸರಿಗೆ ಅದರ ಮೇಲೆ ಮತ್ತೆ 2. ಅಂದ್ರೆ ನಿಮಗೆ ಹೆಚ್ಚೆಂದರೆ 10 ವರ್ಷ. 54ಕ್ಕೆ ಡಾಕ್ಟರ್ ಅಕ್ಕೋರು!

ಆದರೆ ಪಾರ್ಟ್ ಟೈಮ್ ಅಂದ್ರೆ ಮನೆಯಲ್ಲೇ ಕೂತು ಬರೆಯೋದು ಅಂತ ತಿಳಿಯಬೇಡಿ. ಕೋರ್ಸ್‌ವರ್ಕ್, ಅಂದ್ರೆ ಶುರುವಿನ ತರಗತಿ ಪಾಠ, ಪರೀಕ್ಷೆ, 12 ಕ್ರೆಡಿಟ್ ಮುಗಿಸಲೇಬೇಕು. ಸೆಮಿಸ್ಟರ್‌ಗೊಮ್ಮೆ ಸಲಹಾ ಸಮಿತಿ ಮುಂದೆ ನಿಂತು ಎಲ್ಲಿಗೆ ಬಂತು ಕೆಲಸ ಅಂತ ಒಪ್ಪಿಸಬೇಕು. ಇನ್ನು ದೊಡ್ಡ ಗಂಟು ಎನ್‌ಒಸಿ, ಅಂದ್ರೆ ನೀವು ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ. ಅದರಲ್ಲಿ ಮೂರು ಮಾತು ಇರಬೇಕು: ಪಾರ್ಟ್ ಟೈಮ್ ಓದಲು ಒಪ್ಪಿಗೆ ಇದೆ, ಸಂಶೋಧನೆಗೆ ಸಮಯ ಸಿಗುವಂಥ ಕೆಲಸ ಇದು, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಕೊಡುತ್ತೇವೆ. ಮೂರನೆಯದನ್ನು ಬರೆದುಕೊಡಲು ಎಲ್ಲ ಸಂಸ್ಥೆಯವರೂ ಹಿಂದೆಮುಂದೆ ನೋಡುತ್ತಾರೆ.

ಗಜನಿ ಗದ್ದೆ:
ಅದೇ ಮೂರನೇ ಮಾತಿನಲ್ಲಿ ನಾನು ಸಿಕ್ಕಿಬಿದ್ದೆ. ನನ್ನ ಕಥೆ ಹೇಳುತ್ತೇನೆ, ಹೆದರಿಸಲು ಅಲ್ಲ.

ನಾನು 41ಕ್ಕೆ ಸೇರಿದ್ದೆ. ವಿಷಯ ಅಘನಾಶಿನಿ ಹಿನ್ನೀರಿನ ಗಜನಿ ಭೂಮಿ. ಮಳೆಗಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಬಾಗಿಲು ತೆಗೆದು ಸಮುದ್ರದ ನೀರು ಒಳಗೆ ಬಿಟ್ಟರೆ ಮೀನು, ಸಿಗಡಿ. ಆ ಕಟ್ಟೆಗಳನ್ನು ಯಾರು, ಯಾವಾಗ ಕಟ್ಟಿದರು, ಯಾವ ಊರಿನವರು ಎಷ್ಟು ಆಳು ಕೊಡುತ್ತಿದ್ದರು ಅಂತ ನೋಡುತ್ತಿದ್ದೆ. ನಾನು ಕೆಲಸ ಮಾಡುವ ಕಡೆ ಎನ್‌ಒಸಿ ಕೊಟ್ಟರು. ಖುಷಿಯಾಯ್ತು. ಕೋರ್ಸ್‌ವರ್ಕ್ ಶುರುವಾದಾಗ 'ರಜೆ ಅಂತ ನಾವೆಲ್ಲಿ ಹೇಳಿದ್ದೇವೆ' ಅಂದರು. ಕಾಗದ ತೆಗೆದು ನೋಡಿದರೆ ಹೌದು, ಆ ಸಾಲೇ ಇಲ್ಲ. ವಾರಕ್ಕೆ ಎರಡು ದಿನ ಸಂಬಳ ಕಡಿತ ಮಾಡಿಸಿಕೊಂಡು ಬಸ್ಸಿನಲ್ಲಿ ಓಡಾಡಿದೆ. ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ಬಿದ್ದ ದಿನ ಪರೀಕ್ಷೆಯೇ ತಪ್ಪಿತು. ಎರಡನೇ ವರ್ಷ ಅಪ್ಪ ಹಾಸಿಗೆ ಹಿಡಿದರು, ಬಿಟ್ಟೆ.

ನಾಲ್ಕು ನೋಟ್‌ಬುಕ್ ಇನ್ನೂ ಕಪಾಟಿನಲ್ಲಿವೆ. ಎನ್‌ಒಸಿಯನ್ನು ನೀವೇ ಟೈಪ್ ಮಾಡಿಕೊಂಡು ಹೋಗಿ. ಅವರಿಗೆ ಸಹಿ ಮಾತ್ರ ಬಿಡಿ.

ದೇವಿಮನೆ ಅಕ್ಕೋರು:
ಇದು ಬಹಳ ಉಪಯೋಗದ ಮಾತು ಅಣ್ಣ. ನೋಟ್‌ಬುಕ್ ಎಸೆಯಬೇಡಿ.

ಸೈಬರ್ ಶೆಟ್ಟಿ:
ಯಾಕೆ ಇದೆಲ್ಲ? ಗೂಗಲ್ ಮ್ಯಾಪ್ ಇದೆ, ದಾರಿ ತೋರಿಸುತ್ತೆ. ಹೈಸ್ಕೂಲ್ ಶಿಕ್ಷಕರಿಗೆ ಪಿಎಚ್‌ಡಿಯಿಂದ ಪಗಾರ ಜಾಸ್ತಿ ಆಗುತ್ತಾ? ಸುಮ್ನೆ ಆ ದುಡ್ಡಲ್ಲಿ ಕಾಶಿ ಯಾತ್ರೆ ಮಾಡಿ ಬನ್ನಿ.

ಅಡಿಕೆ ಚಪ್ಪರ:
ಶೆಟ್ರೆ, ಗೂಗಲ್ ಮ್ಯಾಪ್ ನಿಮ್ಮನ್ನು ಮಳೆಗಾಲದಲ್ಲಿ ಯಾವ್ಯಾವ ತೋಟದೊಳಗೆ ನುಗ್ಗಿಸಿದೆ ಅಂತ ಊರಿಗೇ ಗೊತ್ತು.

ನಿವೃತ್ತ ಮೋಜಣಿದಾರ:
ಪಗಾರದ ಮಾತು ಬಿಡಿ. ನಾನು ಸರ್ವೆ ಕೆಲಸದಲ್ಲಿ 33 ವರ್ಷ ಸರಪಳಿ ಎಳೆದವ. ಒಂದು ತಪ್ಪು ತಿದ್ದಬೇಕು.

ಅಕ್ಕೋರೆ, ನೀವು ಎತ್ತಿನ ಕಥೆ ಹೇಳಿ ಅದರ ಹಿಂದೆಯೇ ಹೊರೆ ಇಳಿಸುವ ಕಲ್ಲು ತಂದಿಟ್ಟಿರಿ. ಎತ್ತಿಗೆ ಆ ಕಲ್ಲು ಬೇಕಿಲ್ಲ. ಎತ್ತಿನ ಬೆನ್ನಿನ ಗೋಣಿ ಇಳಿಸಲು ಇಬ್ಬರು ನಿಂತರೆ ಆಯ್ತು. ಹೆಗಲಿಗಿಂತ ಎತ್ತರದ ಕಲ್ಲು ತಲೆಹೊರೆಯವನಿಗೆ. ಅವನು ಒಬ್ಬನೇ ಇದ್ದರೂ ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಕಲ್ಲಿಗೆ ಜಾರಿಸಿ, ಮತ್ತೆ ತಲೆಗೆ ಎಳೆದುಕೊಳ್ಳಬಹುದು. ಅಂದ ಮೇಲೆ ನೀವು ಕಂಡಿದ್ದು ಮುತ್ತಜ್ಜನ ದಾರಿ ಆಗಿರಲಿಕ್ಕಿಲ್ಲ. ಎತ್ತು ಸುತ್ತು ಹಾಕಿ ಹೋಗುತ್ತದೆ, ಮನುಷ್ಯ ನೆಟ್ಟಗೆ ಹತ್ತುತ್ತಾನೆ.

ಸರ್ವೆ ಆಫ್ ಇಂಡಿಯಾದ ಹಳೇ ಟೋಪೋ ಶೀಟ್, ಅಂದ್ರೆ ಗುಡ್ಡ, ಹಳ್ಳ, ದಾರಿ ಎಲ್ಲ ತೋರಿಸುವ ನಕ್ಷೆ, ತೆಗೆದು ನೋಡಿ. ಶಿರಸಿ, ಕುಮಟಾ, ಕಾರವಾರ ಎಲ್ಲ 48 ಜೆ ಸಂಖ್ಯೆಯ ಒಳಗೆ ಬರುತ್ತವೆ. ಒಂದಿಂಚಿಗೆ ಒಂದು ಮೈಲಿಯ ಶೀಟು. ಬಂಡಿದಾರಿ, ಹೇರುದಾರಿ, ಕಾಲುದಾರಿ ಮೂರಕ್ಕೂ ಅದರಲ್ಲಿ ಬೇರೆ ಬೇರೆ ಗುರುತು ಇದೆ. ಊರಿನ ಒಳಗಿನ ವಿಷಯಕ್ಕೆ ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆಯ ಅಳತೆ ಚಿತ್ರ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಿ. ರಿಸರ್ವ್ ಫಾರೆಸ್ಟ್ ಶುರುವಾದ ಕಡೆ ಕಂದಾಯದ ನಕಾಶೆ ಕೈ ಬಿಡುತ್ತದೆ. ನಿಮ್ಮ ಘಟ್ಟ ಅಲ್ಲೇ ಇರೋದು.

ಕೊನೆಗೊಂದು ಪ್ರಶ್ನೆ. ಸವೆದ ಅಂಚು ಯಾವ ಕಡೆಯದು? ಕುಮಟಾ ಕಡೆಯದ್ದಾ, ಶಿರಸಿ ಕಡೆಯದ್ದಾ?

ದೇವಿಮನೆ ಅಕ್ಕೋರು:
ಅಯ್ಯೋ. ನೋಡಲಿಲ್ಲ ಮಾಸ್ತರೆ. ಫೋಟೋದಲ್ಲಿ ಬರೀ ಕಲ್ಲು, ಮರ, ನನ್ನ ಛತ್ರಿ.

ನಿವೃತ್ತ ಮೋಜಣಿದಾರ:
ನಾನು ಮಾಸ್ತರ ಅಲ್ಲ. ಆದರೆ ಈಗ ನಿಮಗೆ ಹೋಂವರ್ಕ್ ಕೊಟ್ಟಿದ್ದೇನೆ. ಅವನು ಬಂದ ಕಡೆಯ ಅಂಚಿನ ಮೇಲೆ ಹೊರೆ ಜಾರುತ್ತದೆ. ಭಾರ ಘಟ್ಟ ಹತ್ತಿತೋ ಇಳಿಯಿತೋ ಅಂತ ಕಲ್ಲೇ ಹೇಳುತ್ತದೆ.

ಬೈತಖೋಲ್ ಬಾಬು:
ಇದು ಪಿಎಚ್‌ಡಿನಾ, ಸಿಐಡಿ ಕೆಲಸನಾ!

ಕಾಳಿ ತೀರ:
ದಾಖಲೆ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ನಮ್ಮ ಜಿಲ್ಲೆಯ ಪಾಡು ಏನಂದ್ರೆ, ನೀವು ಯಾವ ಇಸವಿ ಆರಿಸಿಕೊಳ್ಳುತ್ತೀರಿ ಅನ್ನುವುದರ ಮೇಲೆ ಯಾವ ರೈಲು ಹತ್ತಬೇಕು ಅನ್ನೋದು ನಿರ್ಧಾರ ಆಗುತ್ತದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ (ಈಗಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಸೀಮೆ) ಮದ್ರಾಸ್ ಪ್ರಾಂತ್ಯಕ್ಕೆ ಹೋಯಿತು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಆ ಕಾಲದ ಕಾಗದಕ್ಕೆ ಚೆನ್ನೈ ಎಗ್ಮೋರ್‌ನ ಪತ್ರಾಗಾರ. 1862ರಲ್ಲಿ ಉತ್ತರ ಕನ್ನಡವನ್ನು ಮಾತ್ರ ಮುರಿದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ 1956ರವರೆಗೆ ಮುಂಬೈ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರ. 1956ರ ನಂತರದ್ದಕ್ಕೆ ಬೆಂಗಳೂರು. 1500 ಅಂತ ಬರೆದಿದ್ದೀರಲ್ಲ, ಅದಕ್ಕೆ ಪಣಜಿ. ಅಲ್ಲಿ ಪೋರ್ಚುಗೀಸರ 'ಮಾನ್ಸೂನ್ ಪುಸ್ತಕ'ಗಳಿವೆ, ಗೋವೆಗೂ ಲಿಸ್ಬನ್‌ಗೂ ಹಡಗಿನಲ್ಲಿ ಓಡಾಡಿದ ಪತ್ರಗಳ ಕಟ್ಟು. ಕಾರವಾರದಿಂದ ಹೋಗಿ ಸಂಜೆಗೆ ಮನೆಗೆ ಬರಬಹುದು. ಆದರೆ ಪೋರ್ಚುಗೀಸ್ ಓದಲು ಬರಬೇಕು, ಅದೂ ಹಳೇ ಕೈಬರಹದ್ದು.

ಶಾಲೆ ರಜೆಯಲ್ಲಿ ಮಾತ್ರ ಓಡಾಡುವ ನೀವು ನಾಲ್ಕು ಊರಿಗೆ ಹೋಗಲಾರಿರಿ. ಒಂದನ್ನು ಆರಿಸಿ. ಇಸವಿ ಕತ್ತರಿಸಿ.

ಸದಾಶಿವಗಡ ಹುಡುಗ:
ಪೋರ್ಚುಗೀಸ್ ಬಿಡಬೇಡಿ ಪ್ಲೀಸ್! ಅವರು ನಮ್ಮ ಚಿತ್ತಾಕುಲಕ್ಕೆ 'ಸಿಂಟಾಕೋರಾ' ಅಂತಿದ್ದರು, ಹೊನ್ನಾವರಕ್ಕೆ 'ಓನೋರ್'. ಹೆಸರಿನಿಂದಲೇ ಎಷ್ಟು ಸಿಗುತ್ತೆ ನೋಡಿ. ಕಾರವಾರದ ಸುಂಕೇರಿ ಅಂದ್ರೆ ಸುಂಕದ ಕೇರಿ. ಕಾಳಿ ನದಿ ದಾಟಿ ಬರುವ ಮಾಲಿಗೆ ಅಲ್ಲೇ ಸುಂಕ. ಒಂದು ಅಧ್ಯಾಯ ಆಗೇ ಹೋಯ್ತು.

ಕಾಳಿ ತೀರ:
ಸುಂಕ ವಸೂಲಿ ಮಾಡಿದ ಒಂದು ಕಾಗದ ತೋರಿಸು ತಮ್ಮಾ, ಆಮೇಲೆ ಅಧ್ಯಾಯ. ಹೆಸರು ಕೇಳಿ ಕಥೆ ಕಟ್ಟೋದು ಸುಲಭ. ಗೈಡ್ ಮೊದಲು ಕೆಂಪು ಗೀಟು ಹಾಕೋದೇ ಅಲ್ಲಿ.

ಸದಾಶಿವಗಡ ಹುಡುಗ:
ಕಾಗದ ಇಲ್ಲ ಅಂದ್ರೆ ಸುಂಕವೇ ಇರಲಿಲ್ಲ ಅಂತಾನಾ? ನಮ್ಮ ಅಜ್ಜಿ ಹೇಳಿದ್ದೆಲ್ಲ ಸುಳ್ಳಾ?

ಕಾಳಿ ತೀರ:
ಸುಳ್ಳು ಅಂದಿಲ್ಲ. ಅಜ್ಜಿ ಹೇಳಿದ್ದನ್ನು ಅಜ್ಜಿ ಹೇಳಿದ್ದು ಅಂತಲೇ ಬರೆ.

ಹುಬ್ಬಳ್ಳಿ ಹತ್ತಿ:
ಕುಮಟಾ ಬಂದರು ಹಾಳಾಗಿದ್ದೇ ಕೊಂಕಣ ರೈಲ್ವೆಯಿಂದ, ಅದನ್ನೂ ಸೇರಿಸಿ.

ಗಜನಿ ಗದ್ದೆ:
ಇಲ್ಲಪ್ಪ, ನೂರು ವರ್ಷ ಹೆಚ್ಚುಕಡಿಮೆ ಆಯ್ತು. ಕೊಂಕಣ ರೈಲ್ವೆ ಪೂರ್ತಿ ಓಡಿದ್ದು 1998ರಲ್ಲಿ. ಆ ಹೊತ್ತಿಗೆ ಕುಮಟಾದಲ್ಲಿ ಮೀನಿನ ದೋಣಿ ಬಿಟ್ಟರೆ ಏನಿತ್ತು?

ಕುಮಟಾದ ವೈಭವ ಹತ್ತಿಯದ್ದು. ನಿಮ್ಮ ಕಡೆಯದ್ದೇ ಹತ್ತಿ. 1861ರಿಂದ 65ರವರೆಗೆ ಅಮೆರಿಕದಲ್ಲಿ ಒಳಗಿನ ಯುದ್ಧ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿ ಬಂಡಿಗಳು ಘಟ್ಟ ಇಳಿದು ಬಂದರಿಗೆ ಬಂದವು, ಅಲ್ಲಿಂದ ಬೊಂಬಾಯಿಗೆ. ಬೊಂಬಾಯಿ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಅಂತಲೇ ಹೆಸರು. ಕುಮಟಾದಲ್ಲಿ ಒಂದು ಹತ್ತಿ ಗಿಡ ಇಲ್ಲ! ಹಡಗು ಹತ್ತಿದ ಊರಿನ ಹೆಸರು ಬೆಳೆಗೆ ಅಂಟಿಕೊಂಡಿತು. 1880ರ ದಶಕದಲ್ಲಿ ರೈಲು ನಿಮ್ಮ ಹುಬ್ಬಳ್ಳಿಗೆ ಬಂತು, ಕ್ಯಾಸಲ್‌ರಾಕ್ ಮೇಲೆ ಗೋವೆಯ ಮಾರ್ಮಗೋವಾ ಬಂದರಿಗೆ ಇಳಿಯಿತು. ಹತ್ತಿ ಆ ಕಡೆ ತಿರುಗಿತು. ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆಗೂ ಆಗಲೇ ಪೆಟ್ಟು ಬಿತ್ತು.

ಹುಬ್ಬಳ್ಳಿ ಹತ್ತಿ:
ಹೌದ್ರೀ, ಒಪ್ಪಿಕೊಂಡೆ. ನಮ್ಮ ಅಜ್ಜನೂ 'ಕುಮಟಾ ಹತ್ತಿ' ಅಂತಿದ್ದ. ನಾನು ಇಷ್ಟು ವರ್ಷ ಕುಮಟಾದಿಂದ ಬೀಜ ತಂದಿದ್ದಿರಬೇಕು ಅಂದುಕೊಂಡಿದ್ದೆ!

ಬೈತಖೋಲ್ ಬಾಬು:
ಕುಮಟಾದಿಂದ ತರೋದು ಸಿಹಿ ಈರುಳ್ಳಿ ಮಾತ್ರ. ಏಪ್ರಿಲ್‌ನಲ್ಲಿ ಹೈವೇ ಬದಿಗೆ ಜಡೆ ಹೆಣೆದು ತೂಗುಹಾಕಿರುತ್ತಾರೆ. ಈ ಸಲ ರೇಟು ಕೇಳಿ ಗಾಡಿ ನಿಲ್ಲಿಸದೇ ಬಂದೆ.

ಅಡಿಕೆ ಚಪ್ಪರ:
ಹೈವೇ ಅಂದ್ರಿ ನೋಡಿ. ಶಿರಸಿ ಕುಮಟಾ ರಸ್ತೆ ಅಗಲ ಮಾಡುವ ಕೆಲಸ ಶುರುವಾದ ಮೇಲೆ ನಾವು ಕರಾವಳಿ ನೆಂಟರ ಮುಖ ನೋಡೋದೇ ಕಡಿಮೆಯಾಗಿದೆ. ಯಾವಾಗ ಬಂದ್, ಯಾವಾಗ ಓಪನ್, ದೇವಿಮನೆ ದೇವಿಗೇ ಗೊತ್ತು.

ಸದಾಶಿವಗಡ ಹುಡುಗ:
ನಮಗೆ 2024ರ ಆಗಸ್ಟ್‌ನಲ್ಲಿ ಸೇತುವೆಯೇ ಕಾಳಿ ನದಿಗೆ ಬಿತ್ತು. ಅದಕ್ಕೆ ಮೂರು ವಾರ ಮೊದಲು ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಈ ಜಿಲ್ಲೆಯಲ್ಲಿ ದಾರಿ ಅನ್ನೋದು ಯಾವಾಗಲೂ ಅಷ್ಟಕ್ಕಷ್ಟೇ.

ದೇವಿಮನೆ ಅಕ್ಕೋರು:
ಎಲ್ಲರೂ ಹೇಳಿದ ಮೇಲೆ ನನಗೂ ಅನ್ನಿಸುತ್ತಿದೆ, 1862ರಿಂದ 1890, ದೇವಿಮನೆ ಒಂದೇ ಘಟ್ಟ. ಹತ್ತಿ ಬಂದಿದ್ದು, ಹೋಗಿದ್ದು ಎರಡೂ ಅದರೊಳಗೆ ಬರುತ್ತದೆ. ಕಾಗದ ಎಲ್ಲ ಮುಂಬೈ ಒಂದೇ ಕಡೆ. ನಮ್ಮ ಸೀಮೆ ಸುತ್ತಿ ಪ್ರವಾಸ ಕಥನ ಬರೆದ ಬ್ರಿಟಿಷ್ ಅಧಿಕಾರಿ ಬುಕಾನನ್ 1801ರಲ್ಲಿ ಇದೇ ಘಟ್ಟದಲ್ಲಿ ಬಂದಿದ್ದನಲ್ವಾ? ಅವನನ್ನು ಹಿನ್ನೆಲೆಗೆ ಇಟ್ಟುಕೊಳ್ಳುತ್ತೇನೆ.

ಕಾಳಿ ತೀರ:
ಇಸವಿ ಸರಿ ಹೋಯ್ತು. ಬುಕಾನನ್ ಸರಿ ಇಲ್ಲ. ಅವನು ಕರಾವಳಿಯ ಉದ್ದಕ್ಕೂ ಹೊನ್ನಾವರ, ಗೋಕರ್ಣ, ಅಂಕೋಲಾ ಅಂತ ಕಾರವಾರದವರೆಗೆ ಬಂದು, ಈ ಕಡೆಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗೆ ಹೋದ. ದೇವಿಮನೆ ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಬ್ರಿಟಿಷರು ಜಿಲ್ಲೆ ಜಿಲ್ಲೆಯ ವಿವರ ಬರೆಸಿದ ಬೊಂಬಾಯಿ ಗೆಜೆಟಿಯರ್‌ನ ಕೆನರಾ ಸಂಪುಟ ತೆಗೆದುಕೊಳ್ಳಿ, 15ನೆಯದು, 1883ರದ್ದು, ಎರಡು ಭಾಗ. ನಿಮ್ಮ ಇಸವಿಗಳ ನಡುವೆಯೇ ಬಂದಿದ್ದು. ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ಅದಕ್ಕೂ ಮೊದಲು ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಹುಡುಕಿ, ಇದೇ ಕೆಲಸ ಯಾರಾದರೂ ಮಾಡಿ ಮುಗಿಸಿದ್ದಾರಾ ಅಂತ.

ಧಾರವಾಡ ಫೇಡೆ:
ಇತಿಹಾಸ ವಿಭಾಗವೋ ಭೂಗೋಳ ವಿಭಾಗವೋ ಅನ್ನೋದು ಇನ್ನೂ ಯಾರೂ ಮುಟ್ಟಿಲ್ಲ. ಮೇಡಂ ಎಂ.ಎ. ಭೂಗೋಳ, ಹಾಗಾಗಿ ಭೂಗೋಳವೇ ನೇರ ದಾರಿ. ಯುಜಿಸಿಯ ನೆಟ್ ಅರ್ಹತಾ ಪರೀಕ್ಷೆ ಕೂಡ ಭೂಗೋಳದಲ್ಲೇ ಬರೆಯಬಹುದು. 2024ರಿಂದ ನೆಟ್ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ಹಿಡಿಯುತ್ತಾರೆ, 70 ಪಾಲು ನೆಟ್, 30 ಪಾಲು ಸಂದರ್ಶನ.

ಅಡಿಕೆ ಚಪ್ಪರ:
ಭೂಗೋಳ ವಿಭಾಗದಲ್ಲಿ ಈಗ ಎಲ್ಲ ಉಪಗ್ರಹದ ಚಿತ್ರ, ರಿಮೋಟ್ ಸೆನ್ಸಿಂಗ್. 'ಹಳೇ ಕಾಗದ ಓದ್ತೀನಿ' ಅಂದ್ರೆ ಇತಿಹಾಸ ವಿಭಾಗದ ಬಾಗಿಲು ತೋರಿಸುತ್ತಾರೆ. ಅಲ್ಲಿ ಹೋದರೆ 'ನಕ್ಷೆ ಯಾಕೆ' ಅಂತಾರೆ. ನನ್ನ ತಂಗಿ ಎರಡು ಬಾಗಿಲ ನಡುವೆ ಒಂದು ವರ್ಷ ಕಳೆದಳು.

ಧಾರವಾಡ ಫೇಡೆ:
ಅದಕ್ಕೇ ವಿಭಾಗ ನೋಡಬೇಡಿ, ಗೈಡ್ ನೋಡಿ. ರಿಟೈರ್ ಆಗಲು 3 ವರ್ಷ ಇಲ್ಲದವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಪ್ರೊಫೆಸರ್‌ಗೆ 8 ಜನ, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4. ಸೀಟು ಖಾಲಿ ಇದೆಯಾ ಅಂತ ಫೋನ್ ಮಾಡಿ ಕೇಳಿ, ಆಮೇಲೆ ಪ್ರಸ್ತಾವನೆ ಬರೆಯಿರಿ.

ಮೋಡಿ ಮಾತು:
ತಡವಾಗಿ ಬಂದೆ. ಬೊಂಬಾಯಿ ಕಾಲದ ದಾಖಲೆ ಅಂದ್ರೆ ಮೋಡಿ ಲಿಪಿ, ಅಂದ್ರೆ ಮರಾಠಿಯ ಹಳೇ ಕೂಡು ಬರಹ, ಎದುರಾಗಬಹುದು, ಹೆದರಬೇಡಿ. ನಾನು 50ಕ್ಕೆ ಕಲಿತೆ. ಮೊದಲು ಮೇಲಿನ ಗೆರೆಯನ್ನು ಪುಟದ ಉದ್ದಕ್ಕೆ ಎಳೆದುಬಿಡುತ್ತಾರೆ. ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ತೂಗುಹಾಕುತ್ತಾ ಹೋಗುತ್ತಾರೆ. ಪದ ಎಲ್ಲಿ ಮುಗಿಯಿತು ಅಂತ ಗೊತ್ತಾಗೋದೇ ಕಷ್ಟ. ಮೊದಲ ತಿಂಗಳು ನಾನು ಓದಿದ್ದು ಬರೀ ತಾರೀಖು ಮತ್ತು ದುಡ್ಡಿನ ಅಂಕಿ. ಅಷ್ಟು ಸಾಕಾಯ್ತು, ಧೈರ್ಯ ಬಂತು.

ಕುಮಟಾ ಪೋರಿ:
ನಾನು ನಕ್ಷೆ ಕೆಲಸ ಮಾಡುತ್ತೇನೆ. ಹಳೇ ಶೀಟನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಈಗಿನ ನಕ್ಷೆ ಮೇಲೆ ಕೂರಿಸಲು ಎರಡರಲ್ಲೂ ಇರುವ ಗುರುತು ಬೇಕು. ದೇವಸ್ಥಾನ, ಹಳೇ ಬಂಗಲೆ, ದೊಡ್ಡ ಬಾವಿ ಒಳ್ಳೆಯದು. ನದಿ ಬಾಯಿ, ಮರಳ ದಿಣ್ಣೆ ಹಿಡಿಯಬೇಡಿ. ನಾನೊಮ್ಮೆ ಅಳಿವೆಯ ಮರಳದಿಣ್ಣೆಗೆ ಪಿನ್ ಹೊಡೆದು ಇಡೀ ಶೀಟನ್ನು ಓರೆ ಮಾಡಿದ್ದೆ, ಪ್ರತಿ ಊರೂ ಪಕ್ಕದ ಹಳ್ಳಕ್ಕೆ ಬಿದ್ದಿತ್ತು. ಇನ್ನೊಂದು, ಹಳೇ ಶೀಟಿನ ಅಳತೆಗೆ ಎವರೆಸ್ಟ್ ಗೋಳ (ಭೂಮಿಯ ಆಕಾರಕ್ಕೆ ಹಿಡಿದ ಹಳೇ ಲೆಕ್ಕ) ಆಧಾರ, ಜಿಪಿಎಸ್‌ನದ್ದು ಬೇರೆ. ಅದನ್ನು ಹೊಂದಿಸದಿದ್ದರೆ ನಿಮ್ಮ ಕಲ್ಲು ದಾರಿಯಿಂದ ದೂರ ಹೋಗಿ ನಿಲ್ಲುತ್ತದೆ. ಅಕ್ಕ, ಬೇಕಾದರೆ ನಾನು ಕಲಿಸುತ್ತೇನೆ, ಪುಕ್ಕಟೆ.

ಸಾವಿತ್ರಕ್ಕ:
ಎಲ್ಲ ಗಂಡಸರೂ ನಿಯಮ, ನಕ್ಷೆ ಹೇಳಿದಿರಿ. ಮನೆಯಲ್ಲಿ ಏನು ಹೇಳುತ್ತಾರೆ ತಂಗಿ? ಸಂಜೆ ದೋಸೆಗೆ ರುಬ್ಬುವವರು ಯಾರು? ತಮಾಷೆಗೆ ಕೇಳುತ್ತಿಲ್ಲ. ನಾನು 46ಕ್ಕೆ ಶುರು ಮಾಡಿ 53ಕ್ಕೆ ಮುಗಿಸಿದೆ. ಪಗಾರ ಒಂದು ರೂಪಾಯಿ ಹೆಚ್ಚಾಗಲಿಲ್ಲ. ಅತ್ತೆ ಕೊನೆಯವರೆಗೂ 'ಇದು ಯಾವ ಪರೀಕ್ಷೆ, ಮುಗಿಯೋದೇ ಇಲ್ಲ' ಅಂತಿದ್ದರು. ಬೆಳಿಗ್ಗೆ 4ರಿಂದ 6 ನನ್ನ ಸಮಯ ಅಂತ ಮನೆಯಲ್ಲಿ ಮೊದಲೇ ಹೇಳಿಬಿಡಿ. ಸಂಜೆ ಹೊತ್ತನ್ನು ನಂಬಬೇಡಿ, ಸಂಜೆಗೆ ಯಾರಾದರೂ ನೆಂಟರು ಬಂದೇ ಬರುತ್ತಾರೆ.

ಕುಮಟಾ ಪೋರಿ:
ಎಲ್ಲ ಗಂಡಸರಾ? ನಾನು ಹುಡುಗಿ ಸಾವಿತ್ರಕ್ಕ 😀

ದೇವಿಮನೆ ಅಕ್ಕೋರು:
ಸಾವಿತ್ರಕ್ಕ, ಯಜಮಾನರಿಗೆ ಹೇಳಿದೆ. 'ಮುಂಬೈಗೆ ನಾನೂ ಬರ್ತೇನೆ, ವಡಾ ಪಾವ್ ತಿನ್ನಬಹುದು' ಅಂದರು. ಒಪ್ಪಿಗೆ ಅಂತ ಹಿಡಿದಿದ್ದೇನೆ. ಎನ್‌ಒಸಿ ನಾನೇ ಟೈಪ್ ಮಾಡಿದೆ, ಮೂರನೇ ಸಾಲು ಸೇರಿಸಿ. ಸೋಮವಾರ ಕೊಡುತ್ತೇನೆ. ಭಾನುವಾರ ಕಲ್ಲು ನೋಡಲು ಹೋಗುವವಳಿದ್ದೇನೆ, ಯಾರಾದರೂ ಬರುತ್ತೀರಾ?

ನಿವೃತ್ತ ಮೋಜಣಿದಾರ:
ಬರುತ್ತೇನೆ. ಕಂಪಾಸ್, ಟೇಪು ನನ್ನದು. ಈಗ ಉಂಬಳ (ಜಿಗಣೆ) ಜಾಸ್ತಿ. ಸುಣ್ಣ ತನ್ನಿ.

ಅಡಿಕೆ ಚಪ್ಪರ:
ಸುಣ್ಣಕ್ಕೆಲ್ಲ ದೇವಿಮನೆ ಉಂಬಳ ಹೆದರೋದಿಲ್ಲ. ಹೊಗೆಸೊಪ್ಪು ನೆನೆಸಿದ ನೀರು ಕಾಲಿಗೆ ಹಚ್ಚಿ.

ದೇವಿಮನೆ ಅಕ್ಕೋರು:
ಹೋಗಿ ಬಂದೆವು. ಅರ್ಧ ದಾರಿ ರಸ್ತೆ ಕೆಲಸದ ಮಣ್ಣಿನ ಅಡಿಗೆ ಹೋಗಿದೆ. ಕಲ್ಲು ಇದೆ. ನೆಲದಿಂದ 4 ಅಡಿ 9 ಇಂಚು. ಸವೆದಿದ್ದು ಕುಮಟಾ ಕಡೆಯ ಅಂಚು! ಅಂದ್ರೆ ಭಾರ ಕೆಳಗಿನಿಂದ ಮೇಲೆ ಬಂತು. ಉಪ್ಪು ಇರಬಹುದು. ನಾನು ಇಷ್ಟು ದಿನ ಘಟ್ಟದಿಂದ ಇಳಿದಿದ್ದನ್ನೇ ಲೆಕ್ಕ ಹಾಕುತ್ತಿದ್ದೆ.

ಸದಾಶಿವಗಡ ಹುಡುಗ:
ಸೂಪರ್ ಅಕ್ಕೋರೆ!!

ಕಾಳಿ ತೀರ:
ಉಪ್ಪು ಅನ್ನಲು ಕಾಗದ ಎಲ್ಲಿ? ಅದಿರಲಿ, ರಸ್ತೆ ಕೆಲಸದವರೋ ಮತ್ಯಾರೋ ಆ ಹಾಸುಗಲ್ಲನ್ನು ಎತ್ತಿ, ತಿರುಗಿಸಿ ಇಟ್ಟಿಲ್ಲ ಅಂತ ಹೇಗೆ ಗೊತ್ತು?

ದೇವಿಮನೆ ಅಕ್ಕೋರು:
ಮೋಜಣಿದಾರರು ವಾಪಸ್ ಬರುವಾಗ ಜೀಪಿನಲ್ಲಿ ಇದನ್ನೇ ಕೇಳಿದರು. ಮುಂದಿನ ಭಾನುವಾರ ಕಂಬಗಲ್ಲಿನ ತುದಿಗೆ ಬೆಳೆದ ಪಾಚಿ ನೋಡಲು ಮತ್ತೆ ಹೋಗುತ್ತಿದ್ದೇವೆ.